ಕೌದಿಯ ಮೂಲೆಗೊಂದು ರೊಟ್ಟಿ

ಜಿಜಾಬಾಯಿ ಸುವಾರ್ತಮ್ಮನನ್ನು ಮೊದಲ ಸಲ ಕಂಡದ್ದು ೨೦೧೬ರ ಜನವರಿಯ ಒಂದು ಬುಧವಾರ, ಬೆಳಗಿನ ಹತ್ತರ ಸುಮಾರಿಗೆ. ಬುಧವಾರ ಎಂಬುದು ಆಕೆಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಭಾಲ್ಕಿ ಕಡೆಯ ಸಾಯಗಾಂವದ ಅವರ ಓಣಿಗೆ ನೀರಿನ ಟ್ಯಾಂಕರ್ ಬರುತ್ತಿದ್ದುದು ಬುಧವಾರ ಮತ್ತು ಶನಿವಾರ ಮಾತ್ರ. ಕೊಡಗಳನ್ನು ಸಾಲಿಗೆ ಹಚ್ಚಿ, ಬುದ್ಧವಿಹಾರದ ಕಟ್ಟೆಯ ಮೇಲೆ ಬೇವಿನ ನೆರಳಲ್ಲಿ ಕಾಲು ಚಾಚಿ ಕೂತು ಆಕೆ ಕೌದಿ ಹೊಲಿಯುತ್ತಿದ್ದಳು. ತೊಡೆಯ ಮೇಲಿನ ಕೌದಿ ಜಾರಿ ಮಣ್ಣಿಗೆ ಇಳಿಯದಂತೆ ಅದರ ತುದಿಯನ್ನು ಖಾಲಿ ಕೊಡವೊಂದರ ಬಾಯಿಗೆ ತುರುಕಿದ್ದಳು. ಹಲ್ಲಿನ ನಡುವೆ ಕೆಂಪು ದಾರ ಇತ್ತು.

ಟ್ಯಾಂಕರ್ ಬರಬೇಕಾದ ದಾರಿಯಲ್ಲಿ ಬಿಳಿ ಜೀಪೊಂದು ಬಂದು ನಿಂತಿತು. ಇಳಿದವಳು ಅರವತ್ತು ದಾಟಿದ ತೆಳ್ಳನೆಯ ಹೆಂಗಸು. ಕಂದು ಬಣ್ಣದ ನೂಲಿನ ಸೀರೆ, ಕೈಗೆ ಗಂಡಸರ ಗಡಿಯಾರ, ಕಾಲಿಗೆ ದವಾಖಾನೆಯ ನರ್ಸುಗಳು ಹಾಕುವಂಥ ಬಿಳಿ ಚಪ್ಪಲಿ. ಕಿವಿ, ಕೊರಳು ಬರಿದು, ಕೈಗೆ ಬಳೆ ಇಲ್ಲ. ಪಾಪ, ಗಂಡ ಸತ್ತಿರಬೇಕು ಎಂದು ಜಿಜಾಬಾಯಿ ಅಂದುಕೊಳ್ಳುವಷ್ಟರಲ್ಲಿ ಜೀಪಿನ ಒಳಗಿಂದ ಗಂಡ ಕೆಮ್ಮಿದ. ಆಕೆಯ ಪಂಗಡದ ಹಿರಿಯ ಹೆಂಗಸರು ಒಡವೆ ಹಾಕಿಕೊಳ್ಳುವುದಿಲ್ಲ ಎಂದು ತಿಳಿದದ್ದು ಆಮೇಲೆ.

ಬಂದವಳು ಊರಿನ ಹೆಸರು ಕೇಳಲಿಲ್ಲ, ಜನ ಎಷ್ಟು ಎಂದು ಕೇಳಲಿಲ್ಲ. ಕಟ್ಟೆಯ ಅಂಚಿಗೆ ಕೂತು ಕೌದಿಯ ಒಂದು ಬದಿಯನ್ನು ಮಗುಚಿ ಅದರ ಬೆನ್ನು ನೋಡಿದಳು. ಜಿಜಾಬಾಯಿ ಹಲ್ಲಿನ ದಾರ ತೆಗೆದಳು. ಬರಗಾಲ ನೋಡಲು ಬಂದವರನ್ನು ಆ ವರ್ಷ ಆಕೆ ಬೇಕಾದಷ್ಟು ನೋಡಿದ್ದಳು. ಅವರೆಲ್ಲ ಕೌದಿಯ ಮುಖ ನೋಡಿ ಬಣ್ಣ ಚಂದ ಇದೆ ಎಂದು ಹೊರಟವರು. ಬೆನ್ನು ನೋಡುವವರು ಹೊಲಿಗೆ ಬಲ್ಲವರು ಮಾತ್ರ.

"ಇದನ್ನ ಮಾರ್ತಿಯೇನಮ್ಮಾ?" ಎಂದಳು ಸುವಾರ್ತಮ್ಮ.

"ಕೌದಿ ಮಾರೂ ಸಾಮಾನಲ್ರಿ ಬಾಯಿ. ಕೊಡೂದು."

"ಹಂಗಾದ್ರ ನನಗ ಕೊಡು."

"ನೀವು ಯಾರಂತನೇ ಗೊತ್ತಿಲ್ಲ. ಹ್ಯಾಂಗ ಕೊಡ್ಲಿರಿ?"

ಸುವಾರ್ತಮ್ಮ ನಕ್ಕು, ತಾನು ಯಾರೆಂದು ಹೇಳಿದಳು. ಮೂವತ್ತು ವರ್ಷ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ಅಜ್ಜ ತೆಲುಗು ಸೀಮೆಯ ಮೆಹಬೂಬನಗರದ ಕಡೆಯಿಂದ ಬಂದವನು. ಬೀದರ್ ನಗರದಲ್ಲಿ ಅವರದು ನಲವತ್ತು ಮನೆಗಳ ಒಂದು ಸಣ್ಣ ಸಭೆ, ಮೆನ್ನೊನೈಟರ ಸಭೆ. ಹಾಗೆಂದರೆ ಯಾರು ಎಂದು ಜಿಜಾಬಾಯಿ ಕೇಳಿದ್ದಕ್ಕೆ, ಕ್ರೈಸ್ತರಲ್ಲೇ ಒಂದು ಪಂಗಡ, ನಮ್ಮವರು ಯುದ್ಧಕ್ಕೆ ಹೋಗುವುದಿಲ್ಲ, ಯಾರ ಮೇಲೂ ಕೈ ಎತ್ತುವುದಿಲ್ಲ, ಕೈಲಾದ ಸೇವೆ ಮಾಡುತ್ತೇವೆ ಎಂದಳು. ಪ್ರತಿ ಮಾರ್ಚ್ ತಿಂಗಳಲ್ಲಿ ಸಭೆಯ ಅಂಗಳದಲ್ಲಿ ಒಂದು ಹರಾಜು ನಡೆಯುತ್ತದೆ. ಒಬ್ಬರು ಕುಂಬಳಕಾಯಿ ತರುತ್ತಾರೆ, ಒಬ್ಬರು ಬಿದರಿ ಹೂಜಿ, ಇನ್ನೊಬ್ಬರು ಹೋತದ ಮರಿ. ಎಲ್ಲವನ್ನೂ ಸವಾಲು ಕೂಗಿ, ಬಂದದ್ದನ್ನು ಒಂದು ಕೆಲಸಕ್ಕೆ ಕೊಡುತ್ತಾರೆ. ದೂರದೇಶಗಳಲ್ಲಿ ಅದೇ ಪಂಗಡದ ಹೆಂಗಸರು ಇಂಥವೇ ಕೌದಿ ಹೊಲಿದು ಹರಾಜಿಗೆ ಇಡುತ್ತಾರಂತೆ. ಈ ಸಲದ ಹರಾಜು ಔರಾದ್‌ನ ಒಂದು ಮನೆಗಾಗಿ. ದುಡಿಯಲು ಹೈದರಾಬಾದ್, ಪುಣೆ ಸೇರಿದವರ ಮಕ್ಕಳು ಶಾಲೆ ಬಿಡಬಾರದೆಂದು ಸಭೆಯವರು ಅಲ್ಲಿ ಬಾಡಿಗೆ ಮನೆ ಹಿಡಿದು ಮೂವತ್ತು ಮಕ್ಕಳಿಗೆ ಊಟ, ವಸತಿ ನೋಡಿಕೊಳ್ಳುತ್ತಿದ್ದರು.

ಜಿಜಾಬಾಯಿ ಹಿಡಿದ ಸಾಲು ಮುಗಿಸಿ ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು. ಆಮೇಲೆ, ಇದು ನನ್ನೊಬ್ಬಳ ಕೌದಿಯಲ್ಲ, ಕೇಳಿ ಹೇಳಬೇಕು ಎಂದಳು. ಯಾರನ್ನು ಎಂದದ್ದಕ್ಕೆ ಸೊಂಟಕ್ಕೆ ಸಿಕ್ಕಿಸಿದ್ದ ಬೀಗದ ಕೈಗಳ ಗೊಂಚಲನ್ನು ಅಲ್ಲಾಡಿಸಿ ತೋರಿಸಿದಳು. ಹನ್ನೊಂದಿದ್ದವು.

ಆ ಬೀಗದ ಕೈಗಳ ಕಥೆ ಹೀಗಿತ್ತು. ಎರಡು ವರ್ಷ ಮಳೆ ಕೈಕೊಟ್ಟಿತ್ತು. ಹಿಂದಿನ ದಸರೆಯ ಮೇಲೆ ಓಣಿಯ ಹದಿನಾಲ್ಕು ಮನೆಗಳಲ್ಲಿ ಹನ್ನೊಂದು ಮನೆಯವರು ಬೀಗ ಜಡಿದು ಹೊರಟರು. ಜಿಜಾಬಾಯಿಯ ಗಂಡ ನರಸಿಂಗ ಹೈದರಾಬಾದ್‌ನಲ್ಲಿ ಕಟ್ಟಡವೊಂದರ ಕಾವಲಿಗೆ ನಿಂತ. ನೀನೂ ಬಾ ಎಂದು ಕರೆದ. ಆಕೆ ಹೋಗಲಿಲ್ಲ. ಐದಕ್ಕಿಂತ ಕಡಿಮೆ ಮನೆ ತೆರೆದಿರುವ ಓಣಿಗೆ ಟ್ಯಾಂಕರ್ ಕಳಿಸುವುದಿಲ್ಲ ಎಂದು ನೀರಿನ ಗುತ್ತಿಗೆದಾರ ಹೇಳಿ ಹೋಗಿದ್ದ. ಉಳಿದವು ಮೂರೇ ಮನೆ. ಆ ಮೂರರಲ್ಲಿ ಒಂದರಲ್ಲಿ ಬಾಣಂತಿ ಇದ್ದಳು.

ಜಿಜಾಬಾಯಿ ಹೋಗುವವರೆಲ್ಲರ ಕೈಯಿಂದ ಬೀಗದ ಕೈ ಇಸಿದುಕೊಂಡಳು. ಅಂದಿನಿಂದ ದಿನಾ ಬೆಳಗ್ಗೆ ಹನ್ನೊಂದೂ ಬಾಗಿಲು ತೆರೆದು, ಮುಂದೆ ಕಸ ಗುಡಿಸಿ, ಅಂಗಳದ ಹಗ್ಗದ ಮೇಲೆ ಒಂದೊಂದು ಬಟ್ಟೆ ಒಣಹಾಕುವಳು. ತನ್ನ ರೊಟ್ಟಿಯನ್ನು ಒಂದು ದಿನ ಊರು ಬಿಟ್ಟ ಗೋರಖನಾಥನ ಮನೆಯ ಒಲೆಯಲ್ಲಿ ಬಡಿದರೆ ಮರುದಿನ ಹೀರಾಬಾಯಿಯ ಮನೆಯ ಒಲೆಯಲ್ಲಿ. ಹೊಗೆ ಎದ್ದ ಮನೆಯನ್ನು ಖಾಲಿ ಎನ್ನಲು ಬರುವುದಿಲ್ಲವಲ್ಲ. ಗುತ್ತಿಗೆದಾರನ ಮನುಷ್ಯ ಎರಡು ಸಲ ಎಣಿಸಲು ಬಂದ. ಮನೆಯವರು ಎಲ್ಲಿ ಎಂದು ಕೇಳಿದಾಗ ಆಕೆ, ಒಬ್ಬರು ಹೊಲಕ್ಕೆ, ಒಬ್ಬರು ಬಾಜಾರಕ್ಕೆ, ನೀವು ಕೂತಿರಿ ಸಂಜೆಗೆ ಬರುತ್ತಾರೆ, ಚಹಾ ಮಾಡುತ್ತೇನೆ, ನೀರು ಮಾತ್ರ ನೀವೇ ತರಬೇಕು ಎಂದಳಂತೆ. ಆತ ಮೂರನೆಯ ಸಲ ಬರಲಿಲ್ಲ, ಟ್ಯಾಂಕರ್ ನಿಲ್ಲಲಿಲ್ಲ.

ಬೀಗದ ಕೈ ಕೊಡುವಾಗ ಪ್ರತಿ ಮನೆಯವರೂ ಒಂದೊಂದು ಹಳೆಯ ಬಟ್ಟೆಯನ್ನೂ ಕೊಟ್ಟಿದ್ದರು. ಅವೇ ಈಗ ಕೌದಿಯಾಗುತ್ತಿದ್ದವು. ಎಲ್ಲರೂ ತಿರುಗಿ ಬಂದ ದಿನ ಕಟ್ಟೆಯ ಮೇಲೆ ಹಾಸಿ ಕೂಡಬೇಕೆಂಬುದು ಮೊದಲಿನ ಲೆಕ್ಕ. ಈಗ ಸುವಾರ್ತಮ್ಮನ ಮಾತು ಕೇಳಿ ಆಕೆ ಒಬ್ಬೊಬ್ಬರಿಗೂ ಫೋನು ಹಚ್ಚಿದಳು. ಮಕ್ಕಳ ಮನೆಗೆ ಎಂದಾಗ ಯಾರೂ ಬೇಡ ಅನ್ನಲಿಲ್ಲ. ತಕರಾರು ತೆಗೆದವನು ನರಸಿಂಗ ಒಬ್ಬನೇ.

"ನಮಗೇ ಹೊದಿಲಾಕ ನೆಟ್ಟಗ ಇಲ್ಲ. ನೀ ಊರಿಗೆಲ್ಲಾ ಕೊಡಾಕಿ ಆದಿ?"

"ಹೌದ್ರಿ, ಆದೆ. ನಮ್ಮವ್ವ ತಗೊಂಡ ದಿನ ಮುಗದಾವು. ನಾ ಕೊಟ್ಟ ದಿನಾ ಒಂದರೆ ಇರ್ಲಿ."

ಅದಕ್ಕೆ ಅವನು, ಆಗಲಿ ಕೊಡು ಎಂದ. ಜಿಜಾಬಾಯಿಯ ತಾಯಿ ಸುಭದ್ರಾಬಾಯಿಯ ಸಂಗತಿ ಅವನಿಗೆ ಗೊತ್ತಿತ್ತು. ತಾಯಿ ಮದುವೆಯಾಗಿ ಬಂದ ಹೊಸತರಲ್ಲಿ ಊರಿನ ದೊಡ್ಡ ಮನೆಗಳ ಮುಂದೆ ಬುಟ್ಟಿ ಹಿಡಿದು ನಿಂತು, ಅವರು ಉಳಿದ ರೊಟ್ಟಿ ಎಸೆಯುವುದನ್ನು ಕಾಯಬೇಕಾಗಿತ್ತು. ಮಾಡಿದ ಕೆಲಸಕ್ಕೆ ಅದೇ ಕೂಲಿ. ಮನೆಯವರು ಬೌದ್ಧ ದೀಕ್ಷೆ ತಗೊಂಡ ವಾರವೇ ಸುಭದ್ರಾಬಾಯಿ ಆ ಬುಟ್ಟಿಯನ್ನು ಒಲೆಗೆ ಹಾಕಿ, ಅದರ ಉರಿಯಲ್ಲಿ ತಾನೇ ತಂದ ಹಿಟ್ಟಿನ ಎರಡು ರೊಟ್ಟಿ ಬೇಯಿಸಿದಳು. ಏಳು ಜನ ಆ ಎರಡನ್ನೇ ಹಂಚಿ ತಿಂದರು. ಇನ್ನೊಬ್ಬರ ಬಾಗಿಲಲ್ಲಿ ಕೈಯೊಡ್ಡಿ ನಿಲ್ಲಬಾರದು ಎಂದು ಮಗಳಿಗೆ ಸಾಯುವತನಕ ಹೇಳಿದಳು.

ಅದಕ್ಕೇ ಜಿಜಾಬಾಯಿ ಸುವಾರ್ತಮ್ಮನಿಗೆ ಒಂದು ಕರಾರು ಹಾಕಿದಳು. ಕೌದಿಯ ಜೊತೆ ತಾನೂ ಬರುತ್ತೇನೆ. ಕುರ್ಚಿಯ ಮೇಲೆ ಕೂಡಲು ಅಲ್ಲ, ಕೆಲಸಕ್ಕೆ. ಹರಾಜಿನ ದಿನ ಸೇವೆಗೆ ನಿಂತವರ ಎದೆಯ ಮೇಲೆ ಒಂದು ನೀಲಿ ರಿಬ್ಬನ್ ಇರುತ್ತದೆ, ನಿನಗೂ ಒಂದು ಹಾಕಿಸುತ್ತೇನೆ ಎಂದು ಸುವಾರ್ತಮ್ಮ ಮಾತು ಕೊಟ್ಟಳು.

ಫೆಬ್ರುವರಿ ಮುಗಿಯುವ ಹೊತ್ತಿಗೆ ಕೌದಿ ಮುಗಿಯಿತು. ಮೂರು ಅಂಚು ಮುಚ್ಚಿ ನಾಲ್ಕನೆಯ ಮೂಲೆಗೆ ಬಂದಾಗ ಕಡೆಯ ಒಂದು ಕೆಲಸ ಇರುತ್ತದೆ. ಆ ಮೂಲೆಯ ಒಳಗೆ ಕಡಕ್ ಜೋಳದ ರೊಟ್ಟಿಯ ಒಂದು ಚೂರು ಇಟ್ಟು ಹೊಲಿಯಬೇಕು. ಹೊಟ್ಟೆ ಖಾಲಿಯಿರುವ ಕೌದಿ ಹೊದ್ದವರ ನಿದ್ದೆ ತಿನ್ನುತ್ತದೆ ಎನ್ನುತ್ತಾರೆ ಹಳೆಯ ಹೆಂಗಸರು. ಜಿಜಾಬಾಯಿಗೆ ನಿದ್ದೆ ತಿನ್ನುವ ಮಾತಿನಲ್ಲಿ ನಂಬಿಕೆಯಿರಲಿಲ್ಲ. ಆದರೆ ಮನೆಯಿಂದ ಹೊರಡುವವರನ್ನು ಉಣ್ಣಿಸದೆ ಕಳಿಸುವ ಪದ್ಧತಿ ಆಕೆಯಲ್ಲಿರಲಿಲ್ಲ, ಕೌದಿಯಾದರೂ ಅಷ್ಟೆ. ಅವತ್ತು ಹೀರಾಬಾಯಿಯ ಒಲೆಯ ಸರದಿ. ಅಲ್ಲೇ ಬಡಿದ ರೊಟ್ಟಿಯ ಚೂರನ್ನು ಮೂಲೆಯ ಕೆಂಪು ಬಟ್ಟೆಯ ಕೆಳಗೆ ಇಟ್ಟು, ಉದ್ದುದ್ದ ಹೊಲಿಗೆ ಹಾಕಿ ಮುಚ್ಚಿದಳು. ಮರುವಾರ ಸುವಾರ್ತಮ್ಮನ ಜೀಪು ಬಂದು ಕೌದಿಯನ್ನು ಒಯ್ದಿತು. ಮೂಲೆಯ ರೊಟ್ಟಿಯ ಮಾತು ಯಾರೂ ಆಡಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಹೇಳಬೇಕೆಂದು ಜಿಜಾಬಾಯಿಗೆ ಹೊಳೆಯಲೇ ಇಲ್ಲ.

ಹರಾಜಿನ ಶನಿವಾರ ಜಿಜಾಬಾಯಿ ಬೀಗದ ಕೈಗಳನ್ನು ಬಾಣಂತಿಯ ಅತ್ತೆಗೆ ಒಪ್ಪಿಸಿ, ಭಾಲ್ಕಿಗೆ ಬಂದು, ಅಲ್ಲಿಂದ ಬೀದರ್ ಬಸ್ಸು ಹಿಡಿದಳು. ಸಭೆಯ ಅಂಗಳದಲ್ಲಿ ಶಾಮಿಯಾನ ಎದ್ದಿತ್ತು. ಒಂದು ಬದಿಗೆ ವೇದಿಕೆ, ಮೇಜುಗಳ ಮೇಲೆ ಉಪ್ಪಿನಕಾಯಿ ಭರಣಿ, ಹೊಲಿಗೆ ಯಂತ್ರ, ಸೈಕಲ್ಲು. ಹಿಂದೆ ಅಡುಗೆಯ ಹೊಗೆ. ನೀಲಿ ರಿಬ್ಬನ್ ಹಾಕಿದವರು ಓಡಾಡುತ್ತಿದ್ದರು. ಬಾಗಿಲಲ್ಲಿ ಕೂತ ಹುಡುಗಿ ಹೆಸರು ಕೇಳಿ, ಹಾಳೆ ನೋಡಿ, ಹಳದಿ ಚೀಟಿಯೊಂದನ್ನು ಕೊಟ್ಟಳು. ಅದರ ಮೇಲೆ ಫಲಾನುಭವಿ ಎಂದು ಬರೆದಿತ್ತು. ವೇದಿಕೆಯ ಮುಂದಿನ ಮೊದಲ ಸಾಲಿಗೆ ಕೈ ತೋರಿಸಿದಳು. ಅಲ್ಲಿ ಮನ್ನಳ್ಳಿ, ಔರಾದ್ ಕಡೆಯ ಹತ್ತು ಹನ್ನೆರಡು ಹೆಂಗಸರು ಸೆರಗು ಹೊದ್ದು, ಹಳದಿ ಚೀಟಿ ಹಿಡಿದು ಕೂತಿದ್ದರು.

ಜಿಜಾಬಾಯಿ ಚೀಟಿಯನ್ನು ಮೇಜಿನ ಮೇಲಿಟ್ಟು, ತನ್ನ ಹೆಸರು ಸೇವೆಯವರ ಪಟ್ಟಿಯಲ್ಲಿರಬೇಕು ಎಂದಳು. ಹುಡುಗಿ ಒಳಗೆ ಹೋಗಿ ಪ್ರಭುದಾಸನನ್ನು ಕರೆತಂದಳು. ಪ್ರಭುದಾಸ ಹರಾಜು ಸಮಿತಿಯ ಕಾರ್ಯದರ್ಶಿ, ಬ್ಯಾಂಕಿನಿಂದ ನಿವೃತ್ತನಾದವನು. ಸುವಾರ್ತಮ್ಮ ಬರೆದಿದ್ದ ಹೆಸರನ್ನು ಈ ಪಟ್ಟಿಯಿಂದ ಆ ಪಟ್ಟಿಗೆ ಹಾಕಿದ್ದು ಅವನೇ. ಕೆಟ್ಟವನಲ್ಲ. ಹೈದರಾಬಾದ್‌ನಿಂದ ಬರುವ ಅತಿಥಿಗಳು, ನಮ್ಮ ಕೊಡುಗೆ ಯಾರಿಗೆ ಮುಟ್ಟುತ್ತದೆ, ಅವರ ಮುಖ ತೋರಿಸಿ ಎಂದು ಪ್ರತಿ ವರ್ಷ ಕೇಳುತ್ತಿದ್ದರು. ಮುಖ ತೋರಿಸಲು ಮೊದಲ ಸಾಲು ಬೇಕಾಗಿತ್ತು. ಅದನ್ನೇ ಮೆತ್ತಗೆ ವಿವರಿಸಿ, ನೀವು ಬರಗಾಲದ ಊರಿನವರು, ಇವತ್ತು ನೀವು ದಣಿಯಬಾರದು, ಹಾಯಾಗಿ ಕೂಡಿರಿ ಎಂದ.

"ನಾ ಬಂದಿದ್ದು ಕೊಡ್ಲಾಕರಿ ಸಾಬ್, ತಗೊಳ್ಳಾಕಲ್ಲ" ಎಂದಳು ಜಿಜಾಬಾಯಿ.

"ತಗೊಳ್ಳೋರಿಗಿ ಒಂದು ಜಾಗಾ, ಕೊಡೋರಿಗಿ ಒಂದು ಜಾಗಾ ಅದ ಅಮ್ಮಾ. ಎರಡೂ ಕಲಸಿದ್ರ ಕಾರ್ಯಕ್ರಮ ನಡೆಯಲ್ಲ."

ಜಿಜಾಬಾಯಿ ವೇದಿಕೆಯ ಕಡೆ ನೋಡಿದಳು. ಅಲ್ಲಿ ಸವಾಲು ಕೂಗಲು ಗಂಟಲು ಸರಿಮಾಡಿಕೊಳ್ಳುತ್ತಿದ್ದವನು ಧೊಂಡಿಬಾ. ಔರಾದ್ ಕಡೆಯ ಕುರಿಗಾರ, ಭಾಲ್ಕಿಯ ದನದ ಬಾಜಾರದಲ್ಲಿ ದಲಾಲಿಯನ್ನೂ ಮಾಡುವವನು. ಎದೆಯ ಮೇಲೆ ನೀಲಿ ರಿಬ್ಬನ್ ಹೊಳೆಯುತ್ತಿತ್ತು.

"ಧೊಂಡಿಬಾ ಕಾಕಾ ಹೋದ ವರ್ಷ ನಿಮ್ಮ ಸಭಾದಾಗ ಕುರಿಗಿ ಮೇವು ತಗೊಂಡಾರ. ಅವರಿಗಿ ರಿಬ್ಬನ್ ಹ್ಯಾಂಗ ಬಂತ್ರಿ?"

"ಅವರು ಸವಾಲ್ ಕೂಗ್ತಾರ."

"ನಾ ಹೊಲಿತೇನಿ."

 ಪ್ರಭುದಾಸ, ರಿಬ್ಬನ್ ಇಲ್ಲದವರು ವೇದಿಕೆಯ ಕಡೆ ಬರುವಂತಿಲ್ಲ ಎಂದು ಹೇಳಿ ಅತಿಥಿಗಳ ಕಾರಿನತ್ತ ನಡೆದ. ಜಿಜಾಬಾಯಿ ಮೊದಲ ಸಾಲಿಗೆ ಹೋಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರ ಅಡುಗೆಯ ಕಡೆ ನಡೆದಳು. ಅಲ್ಲಿ ಖುರ್ಷಿದ ಬೇಗಂ ಎಂಬ ದಪ್ಪನೆಯ ಹೆಂಗಸು ದೊಡ್ಡ ಹಂಡೆಯಲ್ಲಿ ಅನ್ನ ಕುದಿಸುತ್ತಿದ್ದಳು. ಆಕೆಯ ಎದೆಯ ಮೇಲೂ ರಿಬ್ಬನ್ ಇತ್ತು, ಅರಿಶಿನದ ಕಲೆ ಬಿದ್ದು ಹಸಿರಾಗಿತ್ತು. ರಿಬ್ಬನ್ ಇಲ್ಲದೆ ಕೆಲಸ ಮಾಡಬಹುದೇ ಎಂದು ಜಿಜಾಬಾಯಿ ಕೇಳಿದಾಗ, ಇಲ್ಲಿ ಉಳ್ಳಾಗಡ್ಡಿ ಹೆಚ್ಚುವವರ ಎದೆ ಯಾರೂ ನೋಡುವುದಿಲ್ಲ, ಕಣ್ಣೀರು ನೋಡುತ್ತಾರೆ ಎಂದು ಈಳಿಗೆ ಮುಂದೆ ಸರಿಸಿದಳು.

ಹರಾಜು ಶುರುವಾಯಿತು. ಧೊಂಡಿಬಾನಿಗೆ ಗೊತ್ತಿದ್ದುದು ದನದ ಬಾಜಾರದ ಸವಾಲು ಒಂದೇ. ಸೈಕಲ್ಲನ್ನು ಎತ್ತಿ, ನಾಲ್ಕು ಹಲ್ಲಿನ ಹೋರಿ, ಗಾಡಿಗೂ ಆದೀತು ನೇಗಿಲಿಗೂ ಆದೀತು ಎಂದು ಕೂಗಿದ. ಹೊಲಿಗೆ ಯಂತ್ರದ ಚಕ್ರ ತಿರುಗಿಸಿ, ಒದೆಯುವ ಚಟ ಇಲ್ಲ ಎಂದ. ಜನ ನಕ್ಕು ನಕ್ಕು ಕೈ ಎತ್ತಿದರು. ಈರುಳ್ಳಿ ಮುಗಿಸಿದ ಜಿಜಾಬಾಯಿ ಅಡುಗೆಯ ಪರದೆಯ ಅಂಚಿಗೆ ನಿಂತು ನೋಡುತ್ತಿದ್ದಳು. ಆಗ ಆಕೆಯ ಕೌದಿ ವೇದಿಕೆಗೆ ಬಂತು.

ಇಬ್ಬರು ಅದನ್ನು ಎರಡು ತುದಿಯಲ್ಲಿ ಹಿಡಿದು ಹರಡಿದರು. ಗೋರಖನಾಥನ ನೀಲಿ ಅಂಗಿ, ಹೀರಾಬಾಯಿಯ ಹಸಿರು ಸೀರೆ, ಎದುರುಮನೆಯವನ ಪಟ್ಟಾಪಟ್ಟಿ ಲುಂಗಿ, ಎಲ್ಲ ಒಂದೊಂದಾಗಿ ಜಿಜಾಬಾಯಿಗೆ ಗುರುತು ಹತ್ತಿದವು. ಕೌದಿಗೆ ಪಿನ್ನು ಹಾಕಿದ್ದ ಕಾಗದವನ್ನು ಪ್ರಭುದಾಸ ತಾನೇ ಮೈಕಿನಲ್ಲಿ ಓದಿದ. ಬರಗಾಲದಲ್ಲಿ ಹಸಿದ ಹೆಣ್ಣುಮಕ್ಕಳು ಹೊಟ್ಟೆಪಾಡಿಗಾಗಿ ಹೊಲಿದ ಕೌದಿ ಇದು, ದಯವಿಟ್ಟು ಉದಾರವಾಗಿ ಸವಾಲು ಹಾಕಿರಿ ಎಂದು ಅದರಲ್ಲಿತ್ತು. ಮೊದಲ ಸಾಲಿನ ಹೆಂಗಸರ ಕಡೆ ಕೈ ತೋರಿಸಿದ. ಅವರು ತಲೆ ತಗ್ಗಿಸಿದರು.

ಜಿಜಾಬಾಯಿ ಪರದೆ ದಾಟಿ ವೇದಿಕೆಯ ಹತ್ತಿರ ಬಂದಳು. ಅಷ್ಟರಲ್ಲಿ ಧೊಂಡಿಬಾ ದನದ ಹಲ್ಲು ತೋರಿಸುವವನ ಹಾಗೆ ಕೌದಿಯ ಒಂದೊಂದು ಮೂಲೆ ಎತ್ತಿ ತೋರಿಸತೊಡಗಿದ. ನಾಲ್ಕನೆಯ ಮೂಲೆ ಎತ್ತಿದಾಗ ಆಕೆಯ ಕಣ್ಣಿಗೆ ಬಿಳಿ ದಾರ ಬಿತ್ತು. ತನ್ನದು ಕೆಂಪು ದಾರ, ಉದ್ದುದ್ದ ಹೊಲಿಗೆ. ಇದು ಇರುವೆ ಸಾಲಿನಂಥ ಸಣ್ಣ ಹೊಲಿಗೆ, ಒಂದರ ಪಕ್ಕ ಒಂದು. ಮೂಲೆ ಚಪ್ಪಟೆಯಾಗಿತ್ತು. ಯಾರೋ ಅದನ್ನು ಬಿಚ್ಚಿ ರೊಟ್ಟಿ ತೆಗೆದಿದ್ದರು.

ಆಕೆ ವೇದಿಕೆ ಹತ್ತಿದಳು. ರಿಬ್ಬನ್ ಇಲ್ಲ ಎಂದು ಯಾರೋ ಅಡ್ಡ ಬಂದರೆ ಪಕ್ಕಕ್ಕೆ ಸರಿಸಿದಳು. ಮೈಕು ಕೇಳಲಿಲ್ಲ, ಹೊಲದ ಈ ತುದಿಯಿಂದ ಆ ತುದಿಗೆ ಕರೆದು ರೂಢಿಯಾದ ದನಿ.

"ಸವಾಲ್ ನಿಂದ್ರಸ್ರಿ ಕಾಕಾ."

ಧೊಂಡಿಬಾ ಕೈ ಕೆಳಗಿಳಿಸಿದ. ಪ್ರಭುದಾಸ ಎದ್ದು ನಿಂತ.

"ಇದು ನಾ ಹೊಲಿದ ಕೌದಿ. ಹನ್ನೊಂದು ಮನಿ ಬಟ್ಟಿ ಅದ ಇದರಾಗ. ನಾವು ಹಸಿದು ಹೊಲಿದಿಲ್ಲ. ಹೊಟ್ಟಿಪಾಡಿಗಿ ಹೊಲಿದಿಲ್ಲ. ಔರಾದಿನ ಮಕ್ಕಳಿಗಿ ಕೊಡ್ಲಾಕಂತ ಹೊಲಿದೀವಿ. ಹಸಿದಿದ್ದು ನಾವಲ್ರಿ, ಈ ಕೌದಿ. ಇದರ ಬಾಯಾಗಿನ ರೊಟ್ಟಿ ಯಾರೋ ಕಸದಾರ."

ಶಾಮಿಯಾನದಲ್ಲಿ ಕೆಲವರಿಗೆ ತಿಳಿಯಿತು, ಹಲವರಿಗೆ ತಿಳಿಯಲಿಲ್ಲ. ಅತಿಥಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಮೂಲೆಗೆ ರೊಟ್ಟಿ ಇಡುವ ಪದ್ಧತಿಯನ್ನು ಧೊಂಡಿಬಾ ಎರಡು ಮಾತಿನಲ್ಲಿ ಹೇಳಿದ. ಅವನ ತಾಯಿಯೂ ಹಾಗೇ ಮಾಡುತ್ತಿದ್ದಳು. ಪ್ರಭುದಾಸ ಹತ್ತಿರ ಬಂದು, ಆಗಲಿ, ಹರಾಜು ಮುಗಿದ ಮೇಲೆ ಸರಿಮಾಡೋಣ, ಈಗ ಅತಿಥಿಗಳ ಹೊತ್ತು ಹಾಳಾಗುತ್ತದೆ ಎಂದು ಪಿಸುಗುಟ್ಟಿದ.

"ಉಣ್ಣಿಸದೆ ನಾ ಯಾರನ್ನೂ ಮನಿಯಿಂದ ಕಳಸಲ್ಲ" ಎಂದಳು ಜಿಜಾಬಾಯಿ. "ಒಂದು ರೊಟ್ಟಿ ಬಡಿಯೋತನ ಕಾಯ್ರಿ. ಕಾಯ್ಲಾಕ ಆಗಲ್ಲಂದ್ರ ನನ್ನ ಕೌದಿ ನನಗ ಕೊಡ್ರಿ, ಭಾಲ್ಕಿ ಬಸ್ ಇನ್ನೂ ಅದ."

ಅಡುಗೆಯ ಪರದೆಯ ಕಡೆಯಿಂದ ಖುರ್ಷಿದ ಬೇಗಂ ತನ್ನ ಊಟದ ಡಬ್ಬಿಯನ್ನು ಎತ್ತಿ ತೋರಿಸಿ, ಜೋಳದ ರೊಟ್ಟಿಯೇ ಇದೆ, ತಗೋ ಎಂದಳು. ಜಿಜಾಬಾಯಿ ತಲೆಯಲ್ಲಾಡಿಸಿದಳು. ಬೇರೆ ದಿನವಾಗಿದ್ದರೆ ಕೂಡಿಯೇ ತಿನ್ನುತ್ತಿದ್ದಳು. ಇವತ್ತು ಈ ಶಾಮಿಯಾನದ ಮುಂದೆ ಕೈಯೊಡ್ಡಿ ರೊಟ್ಟಿ ಇಸಿದುಕೊಳ್ಳುವುದು ಆಕೆಯಿಂದಾಗದು.

"ಹಿಟ್ಟು ಇದ್ರ ಕೊಡ್ರಿ ಆಪಾ. ನಾನೇ ಬಡಿತೇನಿ."

 ಖುರ್ಷಿದ ಬೇಗಂ ಡಬ್ಬಿ ಮುಚ್ಚಿ, ಅಂಗಳದ ಹಿಂದಿನ ಮನೆಗೆ ಹಿಟ್ಟು ತರಲು ತಾನೇ ಹೋದಳು.

ಒಂದು ರೊಟ್ಟಿಗೆ ಎಷ್ಟು ಹೊತ್ತು ಬೇಕು? ಎಸರು ಕಾಯಬೇಕು, ಹಿಟ್ಟು ನಾದಬೇಕು, ತವೆ ಬಿಸಿಯಾಗಬೇಕು, ಕಡಕ್ ಆಗುವತನಕ ಸಣ್ಣ ಉರಿಯಲ್ಲಿ ಬೇಯಬೇಕು. ಅಷ್ಟು ಹೊತ್ತೂ ಹರಾಜು ನಿಂತಿತು. ಧೊಂಡಿಬಾ ಮೈಕಿನಲ್ಲಿ, ಒಂದು ಸಲ ತನ್ನ ಟಗರು ಕೊಂಡವನನ್ನೇ ಗುದ್ದಿ ಬೀಳಿಸಿದ ಕಥೆ ಹೇಳಿ ಜನರನ್ನು ಹಿಡಿದಿಟ್ಟ. ಹಿಂದಿನಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

ಆ ಸದ್ದಿಗೆ ಮೊದಲ ಸಾಲಿನಿಂದ ಮನ್ನಳ್ಳಿಯ ಹೆಂಗಸೊಬ್ಬಳು ಎದ್ದಳು. ಹಳದಿ ಚೀಟಿಯನ್ನು ಕುರ್ಚಿಯ ಮೇಲಿಟ್ಟು ಅಡುಗೆಯ ಕಡೆ ನಡೆದಳು. ಆಕೆಯ ಹಿಂದೆ ಇನ್ನೊಬ್ಬಳು. ಹಂಡೆ ಇಳಿಸಲು ಕೈ ಬೇಕಲ್ಲ ಎಂದು ಮೂರನೆಯವಳು. ನೋಡನೋಡುತ್ತ ಸಾಲು ಖಾಲಿಯಾಯಿತು. ಮುಖ ತೋರಿಸಬೇಕಾದ ಜಾಗದಲ್ಲಿ ಹನ್ನೆರಡು ಹಳದಿ ಚೀಟಿ ಮಾತ್ರ ಉಳಿದವು. ಪ್ರಭುದಾಸ ಆ ಕುರ್ಚಿಗಳನ್ನು ಬಹಳ ಹೊತ್ತು ನೋಡುತ್ತ ನಿಂತ.

ಸುವಾರ್ತಮ್ಮ ಒಲೆಯ ಹತ್ತಿರ ಬಂದು ಜಿಜಾಬಾಯಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು.  ಮೂಲೆ ಬಿಚ್ಚಿದವಳು ತಾನೇ ಎಂದಳು. ಕೈಗೆ ಗಟ್ಟಿ ಗಂಟು ಹತ್ತಿತು, ಹುಳ ಬಿದ್ದಿರಬಹುದು, ಕೊಂಡವರ ಮನೆಯಲ್ಲಿ ಇಲಿ ಕಡಿದೀತು ಎಂದುಕೊಂಡು ಕತ್ತರಿಸಿ ತೆಗೆದು, ತಿರುಗಿ ಹೊಲಿದಿದ್ದಳು. ಕೇಳಬೇಕೆಂದು ಹೊಳೆಯಲಿಲ್ಲ. ಪಟ್ಟಿಯಲ್ಲಿ ಹೆಸರು ಅತ್ತಿತ್ತ ಆದದ್ದನ್ನೂ ತಾನು ನೋಡಿಕೊಳ್ಳಬೇಕಾಗಿತ್ತು.

"ಗೊತ್ತಾತು ಬಾಯಿ" ಎಂದಳು ಜಿಜಾಬಾಯಿ, ರೊಟ್ಟಿ ಮಗುಚುತ್ತ. "ಅಷ್ಟು ಸಣ್ಣ ಹೊಲಿಗಿ ದವಾಖಾನಿಯೋರೇ ಹಾಕ್ತಾರ. ಬಿಚ್ಚಿದೋರು ನೀವು. ಮುಚ್ಚೋರೂ ನೀವೇ."

ಸೊಂಟದ ಚೀಲದಿಂದ ಸೂಜಿ, ಕೆಂಪು ದಾರ ತೆಗೆದು ಕೊಟ್ಟಳು. ಇಬ್ಬರೂ ವೇದಿಕೆಗೆ ಹೋದರು. ಜಿಜಾಬಾಯಿ ರೊಟ್ಟಿಯ ಚೂರು ಇಟ್ಟಳು, ಸುವಾರ್ತಮ್ಮ ಹೊಲಿದಳು. ಉದ್ದ ಹೊಲಿಗೆ ರೂಢಿಯಿಲ್ಲದೆ ಅಂಕುಡೊಂಕಾಯಿತು. ಇನ್ನೂ ಉದ್ದ ಹಾಕ್ರಿ, ಇದು ಗಾಯ ಅಲ್ಲ ಎಂದು ಜಿಜಾಬಾಯಿ ಎರಡು ಸಲ ತಿದ್ದಿದಳು. ಉಳಿದ ರೊಟ್ಟಿಯನ್ನು ಮುರಿದು ಸುವಾರ್ತಮ್ಮನಿಗೊಂದು, ಧೊಂಡಿಬಾನಿಗೊಂದು ತುಂಡು ಕೊಟ್ಟಳು. ಮೂರನೆಯದನ್ನು ಪ್ರಭುದಾಸನ ಕಡೆ ಚಾಚಿದಳು. ಅವನು ಸ್ವಲ್ಪ ತಡೆದು ತಗೊಂಡ.

"ಕಾಗದದ ಮ್ಯಾಲ ಏನಂತ ಬರೀಲಿ ಅಮ್ಮಾ?" ಎಂದು ಕೇಳಿದ.

"ಸಾಯಗಾಂವದ ಹನ್ನೊಂದು ಮನಿಯೋರು ಕೊಟ್ಟಿದ್ದು. ಅಷ್ಟೇ ಬರೀರಿ."

ಅವನು ಹಳೆಯ ಕಾಗದ ಮಡಚಿ ಕಿಸೆಗೆ ಹಾಕಿಕೊಂಡು, ಹೊಸ ಕಾಗದದಲ್ಲಿ ಅಷ್ಟನ್ನೇ ಬರೆದು ಮೈಕಿನಲ್ಲಿ ಓದಿದ. ಧೊಂಡಿಬಾ ಸವಾಲು ಎತ್ತಿದ. ಈ ಸಲ ಹಲ್ಲಿನ ಮಾತು ತೆಗೆಯಲಿಲ್ಲ, ಹೊಟ್ಟಿ ತುಂಬಿದ ಕೌದಿ ಎಂದು ಒಂದೇ ಮಾತು ಕೂಗಿದ. ಸವಾಲು ಎಷ್ಟಕ್ಕೆ ನಿಂತಿತೆಂದು ಕೇಳಿದರೆ ಜಿಜಾಬಾಯಿಗೆ ಇವತ್ತೂ ನೆನಪಿಲ್ಲ. ಕೊಂಡವನು ಬಗದಲ್‌ನ ಅಬ್ದುಲ ಮಜೀದ ಎಂಬ ರೈತ ಎಂಬುದು ನೆನಪಿದೆ. ಕೌದಿ ಕೊಡುವ ಮೊದಲು ಆಕೆ, ಹೊದ್ದುಕೊಳ್ಳುತ್ತೀರೋ ಗೋಡೆಗೆ ತೂಗುಹಾಕುತ್ತೀರೋ ಎಂದು ಅವನನ್ನು ಕೇಳಿದಳು. ಅವನು, ನನಗೆ ಮಂಡಿನೋವು ಬಾಯಿ, ಗೋಡೆಗೆ ಏನೂ ನೋವಿಲ್ಲ ಎಂದ.

ಊಟ ಮುಗಿದು ಜನ ಚದುರುವಾಗ ಪ್ರಭುದಾಸ ನೀಲಿ ರಿಬ್ಬನ್ ಹಿಡಿದು ಹಂಡೆ ತೊಳೆಯುವ ಜಾಗಕ್ಕೆ ಬಂದ. ಜಿಜಾಬಾಯಿ ಮೊಣಕೈತನಕ ಬೂದಿಯಲ್ಲಿದ್ದಳು. ನೀರು ಉಳಿಸಲು ಆಕೆ ಹಂಡೆಯನ್ನು ಮೊದಲು ಬೂದಿಯಿಂದ ಒಣಗೇ ಉಜ್ಜುತ್ತಿದ್ದಳು. ಅದನ್ನು ಮೊದಲ ಸಾಲಿನಿಂದ ಎದ್ದುಬಂದ ಹೆಂಗಸರು ಸಭೆಯ ಹುಡುಗಿಯರಿಗೆ ಕಲಿಸುತ್ತಿದ್ದರು.

"ಆ ಗೂಟಕ್ಕ ಹಾಕ್ರಿ ಸಾಬ್" ಎಂದಳು. "ಕೈ ಹೊಲಸು ಅದ. ಕೆಲಸ ಮುಗದ ಮ್ಯಾಲ ತಗೋತೇನಿ."

ಅವನು ರಿಬ್ಬನ್ನನ್ನು ಗೂಟಕ್ಕೆ ಹಾಕಿದ. ಹೋಗದೆ, ಅಂಗಿಯ ತೋಳು ಮಡಚಿ ಒಂದು ಪಾತ್ರೆ ಎತ್ತಿಕೊಂಡ. ಖುರ್ಷಿದ ಬೇಗಂ ಅವನು ಉಜ್ಜಿದ ಪಾತ್ರೆಯನ್ನು ಎರಡು ಸಲ ವಾಪಸು ಕಳಿಸಿದಳು.

ಮುಂದಿನ ವರ್ಷದಿಂದ ಆ ಹರಾಜಿನಲ್ಲಿ ಹಳದಿ ಚೀಟಿ ಇಲ್ಲ, ಮೊದಲ ಸಾಲು ಬಂದವರೆಲ್ಲರದು. ಔರಾದ್‌ನ ಮಕ್ಕಳ ಮನೆ ೨೦೧೬ರಲ್ಲಿ ಮುಚ್ಚಲಿಲ್ಲ, ಹರಾಜಿನ ಹಣ ಸಾಕಾಯಿತು. ಆ ಮಳೆಗಾಲದಲ್ಲಿ ಮಳೆಯಾಯಿತು, ಬೇಕಾದದ್ದಕ್ಕಿಂತ ಹೆಚ್ಚೇ ಆಯಿತು. ಓಣಿಯವರಲ್ಲಿ ಎಂಟು ಮನೆಯವರು ತಿರುಗಿ ಬಂದರು, ಮೂರು ಮನೆಯವರು ದುಡಿಯಲು ಹೋದಲ್ಲೇ ಉಳಿದರು. ನರಸಿಂಗ ಬಂದ. ಬಂದವರಿಗೆ ಜಿಜಾಬಾಯಿ ಅವರವರ ಬೀಗದ ಕೈ ಕೊಟ್ಟಳು. ಕಟ್ಟೆಯ ಮೇಲೆ ಹಾಸಲು ಕೌದಿ ಇರಲಿಲ್ಲವಾದ್ದರಿಂದ ಎಲ್ಲರೂ ಗೋಣಿಚೀಲ ಹಾಸಿ ಕೂತರು.

ಜಿಜಾಬಾಯಿ ಈಗಲೂ ಸಾಯಗಾಂವದಲ್ಲೇ ಇದ್ದಾಳೆ. ತೊಗರಿ ಕೊಯ್ಲಿನ ಕಾಲದಲ್ಲಿ ಕೂಲಿಗೆ ಹೋಗುತ್ತಾಳೆ, ಉಳಿದ ದಿನ ಕೌದಿ ಹೊಲಿಯುತ್ತಾಳೆ. ಉಳಿದ ಮೂರು ಬೀಗದ ಕೈಗಳು ಆಕೆಯ ಸೊಂಟದಲ್ಲೇ ಇವೆ, ಆ ಮೂರು ಮನೆಗಳ ಮುಂದೆ ದಿನಾ ಕಸ ಗುಡಿಸುತ್ತಾಳೆ. ಪ್ರತಿ ಮಾರ್ಚ್‌ನಲ್ಲಿ ಬೀದರ್‌ಗೆ ಹೋಗಿ, ಹರಾಜಿಗೆ ಬಂದ ಸಾಮಾನು ಪಡೆದುಕೊಳ್ಳುವ ಮೇಜಿನ ಹಿಂದೆ ಕೂಡುತ್ತಾಳೆ ಮತ್ತು ಕೊಟ್ಟವರು ಹೇಳಿದ ಮಾತನ್ನಷ್ಟೇ ಕಾಗದದ ಮೇಲೆ ಬರೆಸುತ್ತಾಳೆ.